ಅಂಗಡಿಯವನು ಹೇಳಿದ ಔಷಧ

ಗಿರಾಕಿಯು ಸರಕನ್ನು ಕೈಯಲ್ಲಿ ಹಿಡಿದು "ಇದು ನಮಗೆ ಆಗಿಬರುವುದೇ?" ಎಂದು ಕೇಳಿದಾಗ ಅಂಗಡಿಯವನು ಆಡುವ ಮಾತಿಗೆ ಎಷ್ಟು ತೂಕ ಕೊಡಬೇಕು? ತೊಗರಿಬೇಳೆಯ ವಿಷಯದಲ್ಲಿ ಅವನ ಮಾತು ತಪ್ಪಿದರೆ ಒಂದು ದಿನದ ಅಡುಗೆ ಕೆಡುತ್ತದೆ, ಅಷ್ಟೇ. ಆದರೆ ಕೇಳುವವಳು ಎರಡು ತಿಂಗಳ ಗರ್ಭಿಣಿಯಾಗಿದ್ದು, ಸರಕು ಗಾಂಜಾ ಆಗಿದ್ದರೆ? ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಈ ಪ್ರಶ್ನೆಯನ್ನು ವೈದ್ಯರೇ ಪರೀಕ್ಷೆಗೆ ಒಡ್ಡಿದರು. ಅದರ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಅದನ್ನು ತಿಳಿಯುವ ಮುನ್ನ, ಔಷಧವೆನಿಸಿದ ಒಂದು ವಸ್ತುವು ಔಷಧಾಲಯವನ್ನು ಬಿಟ್ಟು ಸಾಮಾನ್ಯ ಅಂಗಡಿಗೆ ಬಂದ ಬಗೆಯನ್ನು ನೋಡಬೇಕು.

ಆ ಕಥೆಯ ಮೊದಲ ಪುಟ ನಮ್ಮ ದೇಶದಲ್ಲಿಯೇ ಇದೆ. ಕಲ್ಕತ್ತೆಯಲ್ಲಿದ್ದ ವೈದ್ಯ ವಿಲಿಯಂ ಬ್ರೂಕ್ ಓಶಾಗ್ನೆಸ್ಸಿಯು 1839ರಲ್ಲಿ ಗಾಂಜಾದ ಔಷಧಗುಣಗಳ ಕುರಿತು ಬರೆದ ಪ್ರಬಂಧದ ಮೂಲಕ ಪಾಶ್ಚಾತ್ಯ ವೈದ್ಯರ ಗಮನ ಇದರತ್ತ ಹರಿಯಿತು. 1850ರ ಆವೃತ್ತಿಯಲ್ಲಿ ಅಮೆರಿಕದ ಅಧಿಕೃತ ಔಷಧಕೋಶವನ್ನು ಸೇರಿದ ಗಾಂಜಾವನ್ನು ಅಲ್ಲಿನ ಔಷಧಾಲಯಗಳು ದ್ರಾವಣರೂಪದಲ್ಲಿ ಮಾರುತ್ತಿದ್ದವು. 1937ರ ತೆರಿಗೆ ಕಾಯಿದೆಯಿಂದ ಅದರ ವ್ಯವಹಾರ ದುಸ್ತರವಾಯಿತು. 1942ರಲ್ಲಿ ಅದು ಔಷಧಕೋಶದಿಂದ ಹೊರಬಿದ್ದಿತು. 1970ರ ಕೇಂದ್ರ ಕಾಯಿದೆಯು ವೈದ್ಯಕೀಯ ಉಪಯೋಗವೇ ಇಲ್ಲದ ಪದಾರ್ಥಗಳ ಮೊದಲ ಪಟ್ಟಿಯಲ್ಲಿ ಅದನ್ನು ಇರಿಸಿತು.

ಮುಂದಿನ ತೊಡಕು ಹುಟ್ಟಿದ್ದು ಇಲ್ಲಿಯೇ. 1996ರಲ್ಲಿ ಕ್ಯಾಲಿಫೋರ್ನಿಯವೂ 2000ದಲ್ಲಿ ಕೊಲೊರಾಡೊವೂ ಜನಮತದ ಮೂಲಕ ರೋಗಿಗಳಿಗೆ ಗಾಂಜಾ ಬಳಸುವ ಅವಕಾಶ ಕೊಟ್ಟವು. ಆದರೆ ಕೇಂದ್ರ ಕಾಯಿದೆ ಹಾಗೆಯೇ ಉಳಿಯಿತು. ಆದಕಾರಣ ವೈದ್ಯನು ಬೇರೆ ಮದ್ದುಗಳಿಗೆ ಬರೆಯುವಂತೆ ಇದಕ್ಕೆ ಚೀಟಿ ಬರೆಯುವಂತಿರಲಿಲ್ಲ. ಶಿಫಾರಸು ಮಾಡಬಹುದಾಗಿತ್ತು, ಅಷ್ಟೇ. ಔಷಧಾಲಯದವನು ಅದನ್ನು ದಾಸ್ತಾನು ಇಡುವಂತಿರಲಿಲ್ಲ. ಯಾವ ಬಗೆಯದು, ಎಷ್ಟು ಪ್ರಮಾಣ, ದಿನಕ್ಕೆ ಎಷ್ಟು ಸಲ ಎಂಬ ನಿರ್ಣಯವು ವೈದ್ಯನ ಕೈಯಿಂದಲೂ ಔಷಧಜ್ಞನ ಕೈಯಿಂದಲೂ ಜಾರಿ, 'ಬಡ್‌ಟೆಂಡರ್' ಎಂದು ಕರೆಯಲ್ಪಡುವ ಅಂಗಡಿಯ ನೌಕರನ ಪಾಲಿಗೆ ಬಂದಿತು. ಕೊಲೊರಾಡೊವು 2012ರಲ್ಲಿ ವಯಸ್ಕರೆಲ್ಲರ ಬಳಕೆಗೂ ಸಮ್ಮತಿಸಿ, 2014ರ ಜನವರಿ 1ರಿಂದ ಚಿಲ್ಲರೆ ಮಾರಾಟ ಆರಂಭವಾದ ಮೇಲೆ ಅಂಗಡಿಗಳು ಬೀದಿಬೀದಿಗೂ ಬಂದವು.

ಡೆನ್ವರ್ ನಗರದ ವೈದ್ಯರು ಮಾಡಿದ ಪರೀಕ್ಷೆ ಸರಳವಾದುದು. ರಾಜ್ಯದ 400 ಅಂಗಡಿಗಳಿಗೆ ದೂರವಾಣಿಯ ಮೂಲಕ ಮಾತನಾಡಿ, "ನಾನು ಎಂಟು ವಾರಗಳ ಗರ್ಭಿಣಿ, ವಾಕರಿಕೆ ಬಹಳವಾಗಿದೆ, ಏನು ತೆಗೆದುಕೊಳ್ಳಲಿ?" ಎಂಬ ಅರ್ಥದ ಪ್ರಶ್ನೆ ಕೇಳಲಾಯಿತು. 277 ಅಂಗಡಿಗಳು, ಅಂದರೆ ಶೇಕಡಾ 69ರಷ್ಟು, ಗಾಂಜಾದ ಒಂದಲ್ಲ ಒಂದು ಪದಾರ್ಥವನ್ನು ಸೂಚಿಸಿದವು. ಶೇಕಡಾ 36ರಷ್ಟು ಅಂಗಡಿಗಳು ಗರ್ಭಿಣಿಗೆ ಇದು ನಿರಪಾಯಕರವೆಂದೇ ಹೇಳಿದವು. ಸಲಹೆಗೆ ಆಧಾರವೇನೆಂದು ನೋಡಿದರೆ, ಶೇಕಡಾ 65ರಷ್ಟು ಕಡೆ ಮಾತನಾಡಿದವರ ಸ್ವಂತ ಅಭಿಪ್ರಾಯವೇ ಆಧಾರವಾಗಿತ್ತು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ ಅಂಕಿ ಬೇರೆಯದು. ವಿನೋದಕ್ಕಾಗಿ ಮಾರುವ ಅಂಗಡಿಗಳಲ್ಲಿ ಶೇಕಡಾ 60ರಷ್ಟು ಹೀಗೆ ಸೂಚಿಸಿದರೆ, ರೋಗಿಗಳಿಗೆಂದೇ ಮೀಸಲಾದ 148 ಅಂಗಡಿಗಳಲ್ಲಿ ಆ ಪ್ರಮಾಣ ಶೇಕಡಾ 83. ನಾಮಫಲಕದ ಮೇಲೆ 'ವೈದ್ಯಕೀಯ' ಎಂದಿದ್ದಲ್ಲಿ ಎಚ್ಚರ ಹೆಚ್ಚಿರಬೇಕೆಂದು ಗಿರಾಕಿ ಭಾವಿಸುತ್ತಾನೆ; ನಡೆದದ್ದು ಅದಕ್ಕೆ ವಿರುದ್ಧ. ಇನ್ನೊಂದು ಸಂಗತಿ: ವೈದ್ಯರನ್ನು ಕೇಳಿರೆಂದು ಕೊನೆಗೆ ಹೇಳಿದವರು ಶೇಕಡಾ 81ಕ್ಕೂ ಹೆಚ್ಚು, ಆದರೆ ತಾವಾಗಿಯೇ ಹಾಗೆ ಹೇಳಿದವರು ಶೇಕಡಾ 32 ಮಾತ್ರ. ಉಳಿದವರ ಬಾಯಿಂದ ಆ ಮಾತು ಬಂದದ್ದು, ವೈದ್ಯರನ್ನು ಕೇಳಬೇಕೇ ಎಂದು ಅವಳೇ ನೆನಪಿಸಿದ ಮೇಲೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನಮ್ಮಂಥವರಿಗೆ ಇದು ಅರ್ಥವಾಗದ ವಿಷಯವಲ್ಲ. ಸುಳ್ಳು ಹೇಳಬೇಕೆಂದು ಯಾರೂ ಹೊರಡುವುದಿಲ್ಲ. "ಗೊತ್ತಿಲ್ಲ" ಎನ್ನಲು ನಾಲಿಗೆ ಏಳುವುದಿಲ್ಲ, ಅಷ್ಟೇ.

ನೌಕರರ ಮಾತಿಗೆ ಅರೆ ಆಧಾರವೊಂದಿತ್ತೆಂಬುದನ್ನೂ ಹೇಳಬೇಕು. ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿಯ ಕೃತಕ ರೂಪವನ್ನು, ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಗೆ ಕೊಡಲು ಅಮೆರಿಕ ಸರ್ಕಾರವು 1985ರಲ್ಲಿಯೇ ಒಪ್ಪಿತ್ತು. ಆದರೆ ಕ್ಯಾನ್ಸರ್ ರೋಗಿಯ ವಾಂತಿಗೆ ಆದದ್ದು ಬಸುರಿಯ ವಾಂತಿಗೂ ಆದೀತೆಂಬ ಊಹೆಯಲ್ಲಿ ಗರ್ಭದೊಳಗಿನ ಜೀವದ ಲೆಕ್ಕವೇ ಬಿಟ್ಟುಹೋಗುತ್ತದೆ. ಟಿಎಚ್‌ಸಿಯು ಮಾಸುಚೀಲವನ್ನು ದಾಟಿ ಭ್ರೂಣವನ್ನು ತಲುಪುತ್ತದೆ. ಬಳಸಿದ ತಾಯಂದಿರ ಶಿಶುಗಳಲ್ಲಿ ಜನನಕಾಲದ ತೂಕ ಕಡಿಮೆಯಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಮೇಲಾಗಿ, ದೀರ್ಘಕಾಲ ಬಳಸಿದವರಲ್ಲಿ ಗಾಂಜಾವೇ ತಡೆಯಿಲ್ಲದ ವಾಂತಿಯನ್ನು ತರಬಹುದೆಂದು ಆಸ್ಟ್ರೇಲಿಯದ ವೈದ್ಯರು 2004ರಲ್ಲಿ ವರದಿಮಾಡಿದ್ದರು. ಅಮೆರಿಕದ ಪ್ರಸೂತಿತಜ್ಞರ ಕಾಲೇಜು 2015ರಿಂದಲೇ ಗರ್ಭಿಣಿಯರು ಇದನ್ನು ಬಿಡಬೇಕೆಂದು ತಿಳಿಸುತ್ತ ಬಂದಿದೆ.

ಬಸುರಿಯ ವಾಕರಿಕೆಯ ಮದ್ದು ಎಂದೊಡನೆ ಥ್ಯಾಲಿಡೊಮೈಡ್ ನೆನಪಾಗದಿರದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಚೀಟಿಯಿಲ್ಲದೆಯೇ ದೊರೆಯುವ ನಿರಪಾಯದ ಗುಳಿಗೆಯಾಗಿ ಅದು ಮಾರುಕಟ್ಟೆಗೆ ಬಂದಿತು. 1961ರ ನವೆಂಬರಿನಲ್ಲಿ ಹಿಂತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದವು. ಗಾಂಜಾ ಆ ಬಗೆಯ ವಿಷವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ಅಲ್ಲಿಯೂ ಇಲ್ಲಿಯೂ ಸಮಾನವಾದದ್ದು, ಪರೀಕ್ಷಿಸುವ ಮೊದಲೇ ಆಡಿದ 'ನಿರಪಾಯ' ಎಂಬ ಮಾತು. ಅಮೆರಿಕದಲ್ಲಿ ಆ ಗುಳಿಗೆಗೆ ಪರವಾನಗಿ ದೊರೆಯದೆ ಹೋದದ್ದು ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿಯು, ಸಾಕ್ಷ್ಯ ಸಾಲದೆಂದು ಕಡತವನ್ನು ಮತ್ತೆ ಮತ್ತೆ ಹಿಂದಿರುಗಿಸಿದುದರಿಂದ.

ಹಾಗಾದರೆ ಆ ಹೆಣ್ಣುಮಕ್ಕಳು ವೈದ್ಯರನ್ನೇ ಏಕೆ ಕೇಳಬಾರದು? ಕೇಳಲು ಭಯ. ಅಲ್ಲಿನ ಕೆಲವು ರಾಜ್ಯಗಳಲ್ಲಿ ನವಜಾತ ಶಿಶುವಿನಲ್ಲಿ ಗಾಂಜಾದ ಅಂಶ ಕಂಡರೆ ಮಕ್ಕಳ ರಕ್ಷಣಾ ಇಲಾಖೆಗೆ ವರದಿ ಹೋಗುತ್ತದೆ. ವೈದ್ಯನ ಮುಂದೆ ಬಾಯಿ ಬಿಟ್ಟರೆ ಮಗುವನ್ನೇ ಕಳೆದುಕೊಳ್ಳಬೇಕಾದೀತೆಂದು ಅಂಜುವವಳು, ಹೆಸರು ಕೇಳದ ಅಂಗಡಿಗೇ ದೂರವಾಣಿ ಮಾಡುತ್ತಾಳೆ. ಅಲ್ಲಿ ದೂರವಾಣಿ ಎತ್ತಿಕೊಳ್ಳುವವನು, ವೈದ್ಯಶಿಕ್ಷಣವಿಲ್ಲದ ಒಬ್ಬ ನೌಕರ. ತಪ್ಪೆಲ್ಲವನ್ನೂ ಅವನ ತಲೆಗೆ ಕಟ್ಟುವುದು ಸರಿಯೆನಿಸದು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಕನೆಕ್ಟಿಕಟ್ ರಾಜ್ಯವು 2012ರಲ್ಲಿ ರೋಗಿಗಳಿಗೆ ಗಾಂಜಾ ಕೊಡಲು ಕಾಯಿದೆ ಮಾಡಿದಾಗ, ವಿತರಿಸುವವನು ಪರವಾನಗಿ ಪಡೆದ ಔಷಧಜ್ಞನೇ ಆಗಿರಬೇಕೆಂದು ವಿಧಿಸಿತು. 2014ರಲ್ಲಿ ಮಿನ್ನೆಸೋಟವೂ ಔಷಧಜ್ಞನೇ ರೋಗಿಯೊಡನೆ ಮಾತನಾಡಿ ಪ್ರಮಾಣವನ್ನು ನಿಶ್ಚಯಿಸಬೇಕೆಂಬ ವ್ಯವಸ್ಥೆ ಮಾಡಿತು. 2023ರ ಜನವರಿಯಲ್ಲಿ ಕನೆಕ್ಟಿಕಟ್ಟಿನಲ್ಲಿಯೂ ವಯಸ್ಕರೆಲ್ಲರಿಗೆ ಮಾರಾಟ ಆರಂಭವಾಯಿತು. ವಿನೋದದ ಬಳಕೆಗೆಂದು ಮಾತ್ರ ತೆರೆದ ಅಂಗಡಿಗಳಿಗೆ ಔಷಧಜ್ಞನಿರಬೇಕೆಂಬ ಆ ನಿಯಮ ಅನ್ವಯಿಸಲಿಲ್ಲ.