ಎತ್ತಿಗೆ ಲಾಳ, ಗಾಡಿಗೆ ಪಟ್ಟಿ, ಕಾರಿಗೆ ಟೈರು

ಕಾರು ತಗೊಳ್ಳುವಾಗ ಮನೇಲಿ ಎಲ್ಲರನ್ನೂ ಕೇಳ್ತಾರೆ. ಬಣ್ಣ ಯಾವ್ದಿರಲಿ, ಸೀಟಿನ ಕವರು ಎಂಥದ್ದು ಹಾಕ್ಸೋಣ, ಪೂಜೆ ದಸರಿಘಟ್ಟದಲ್ಲೋ ಎಡೆಯೂರಲ್ಲೋ ಅಂತ. ಟೈರು ಬದಲಾಯಿಸುವಾಗ ಮಾತ್ರ ನಮ್ಮನ್ನ ಯಾರೂ ಕೇಳಲ್ಲ. ಗಂಡಸರು ಒಂದಿನ ಅಂಗಡಿಗೆ ಹೋಗ್ತಾರೆ, ಯಾವುದೋ ಒಂದು ಹಾಕಿಸ್ಕೊಂಡು ಬರ್ತಾರೆ. ಇಲ್ಲಾಂದ್ರೆ 'ಇನ್ನೊಂದು ಕೊಬ್ಬರಿ ಬಿಡ್ಲಿ, ಆಮೇಲೆ ನೋಡಣ' ಅಂತ ಮುಂದಕ್ಕೆ ಹಾಕ್ತಾರೆ. ಆ ಕಾರಿನ ಹಿಂದಿನ ಸೀಟಲ್ಲಿ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಹೋಗೋರು ನಾವು. ಅದಕ್ಕೇ ಈ ಸಲ ಟೈರಿನ ಕಥೆ ಬರೀತಿದೀನಿ. ಬೇಜಾರಾಗ್ಬೇಡಿ ಅಕ್ಕಯ್ಯಂದಿರೆ, ಇದೂ ಮನೆ ವಿಷಯವೇ.

ಮೊದಲಿಗೆ ಒಂದು ಮಾತು. ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟೈರು ನೆಲ ಮುಟ್ಟೋದು ಹೆಚ್ಚುಕಮ್ಮಿ ನಮ್ಮ ಅಂಗೈ ಅಗಲ ಅಷ್ಟೇ. ನಾಲ್ಕು ಅಂಗೈ ಜಾಗ. ಬ್ರೇಕು, ಸ್ಟೇರಿಂಗು, ದೇವರ ಫೋಟೋ ಎಲ್ಲಾ ಮೇಲಿರ್ತವೆ. ನೆಲ ಹಿಡ್ಕೊಂಡಿರೋದು ಆ ನಾಲ್ಕು ಅಂಗೈ ಮಾತ್ರ. ನಮ್ಮ ಸೀಮೆಯ ಹಿರೀಕರಿಗೆ ಈ ಮಾತು ಗೊತ್ತಿತ್ತು. ಕಾರು ಕಾಣದ ಕಾಲದಲ್ಲೂ ನೆಲ ಮುಟ್ಟೋ ಭಾಗವನ್ನ ಕಾಲ ನೋಡಿ, ಹೊರೆ ನೋಡಿ, ದಾರಿ ನೋಡಿ ಜೋಪಾನ ಮಾಡ್ತಿದ್ರು.

ಇನ್ನೂರು ವರ್ಷದ ಹಿಂದೆ ನಮ್ಮ ಕಡೆ ಗಾಡಿ ಓಡೋ ದಾರಿಗಳೇ ಕಮ್ಮಿ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಈಸ್ಟ್ ಇಂಡಿಯಾ ಕಂಪನಿಯೋರು ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸಿದ್ರು. ಆತ ಚಿಕ್ಕನಾಯಕನಹಳ್ಳಿ ಕಡೆಯೂ ಬಂದು, ಇಲ್ಲಿನ ವ್ಯಾಪಾರ, ತೆಂಗಿನ ತೋಟ ನೋಡಿ ಬರ್ಕೊಂಡು ಹೋದ. ಅವನ ಪುಸ್ತಕ 1807ರಲ್ಲಿ ಅಚ್ಚಾಯ್ತು. ಆಗ ಸರಕು ಹೋಗ್ತಿದ್ದದ್ದು ಹೇರೆತ್ತಿನ ಬೆನ್ನ ಮೇಲೆ. ಕೊಬ್ಬರಿಯಾದ್ರೂ ಅಷ್ಟೆ, ಉಪ್ಪಾದ್ರೂ ಅಷ್ಟೆ. ಎತ್ತಿನ ಗೊರಸು ಸವೀದಂಗೆ ಲಾಳ ಕಟ್ಟೋರು. ಲಾಳ ಬಿದ್ದ ಎತ್ತು ಜಾರುತ್ತೆ, ಕುಂಟುತ್ತೆ ಅಂತ ಹುಡುಗರಿಗೂ ಗೊತ್ತಿತ್ತು.

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಮೈಸೂರಿಗೆ ಕಮಿಷನರ್ ಆಗಿದ್ದಾಗ ಸಾವಿರಕ್ಕೂ ಹೆಚ್ಚು ಮೈಲಿ ರಸ್ತೆ ಆಯ್ತು. ರಸ್ತೆ ಬಂದ ಮೇಲೆ ಹೇರೆತ್ತು ಹೋಗಿ ಗಾಡಿ ಹೆಚ್ಚಾದವು. 1880ರ ದಶಕದಲ್ಲಿ ತುಮಕೂರು, ತಿಪಟೂರು ಹಾದು ಹರಿಹರದ ಕಡೆ ರೈಲು ಹಾಕಿದ ಮೇಲಂತೂ ಸುತ್ತಲ ಹಳ್ಳಿಗಳ ಗಾಡಿಗಳೆಲ್ಲ ತಿಪಟೂರಿನ ದಾರಿ ಹಿಡಿದವು. ಇವತ್ತಿಗೂ ದೂರದೋರಿಗೆ ತಿಪಟೂರು ಅಂದ್ರೆ ಉಂಡೆ ಕೊಬ್ಬರಿ ಮಾರ್ಕೆಟ್ಟೇ.

ಆ ಗಾಡಿ ಚಕ್ರ ಪೂರ್ತಿ ಮರದ್ದು. ಮರದ ಮೇಲೆ ಒಂದು ಕಬ್ಬಿಣದ ಪಟ್ಟಿ. ಅದೇ ಆಗಿನ ಟೈರು. ಪಟ್ಟಿ ಹಾಕೋ ದಿನ ನೋಡಿದೋರು ಮರೆಯಲ್ಲ. ಪಟ್ಟೀನ ಚಕ್ರಕ್ಕಿಂತ ಒಂದು ಚೂರು ಚಿಕ್ಕದಾಗೇ ಮಾಡೋರು. ಬೆರಣಿ, ತೆಂಗಿನ ಮಟ್ಟೆ, ಸೌದೆ ಸುತ್ತ ಒಟ್ಟಿ ಉರಿ ಹಾಕಿದ್ರೆ ಕಬ್ಬಿಣ ಕೆಂಪಗೆ ಕಾದು ಹಿಗ್ಗುತ್ತೆ. ಮೂರ್ನಾಲ್ಕು ಜನ ಉದ್ದನೆ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರ್ಸಿ, ಸುತ್ತಿಗೇಲಿ ತಟ್ಟಿ, ಮರ ಹೊತ್ತಿಕೊಳ್ಳೋಕೆ ಮುಂಚೆ ನೀರು ಹುಯ್ಯೋರು. ಚುಂಯ್ ಅಂತ ಹೊಗೆ ಎದ್ದು ಕಬ್ಬಿಣ ಕುಗ್ಗಿ ಮರಾನ ಬಿಗಿಯಾಗಿ ಕಚ್ಕೊಳ್ಳೋದು. ಮೊಳೆ ಇಲ್ಲ, ಅಂಟಿಲ್ಲ. ಬಿಂದಿಗೇಲಿ ನೀರು ತಂದು ಕೊಡೋ ಕೆಲಸ ಎಷ್ಟೋ ಕಡೆ ಹೆಂಗಸರದ್ದೇ.

ಬೇಸಗೆ ಬಂತು ಅಂದ್ರೆ ಮರ ಒಣಗಿ ಪಟ್ಟಿ ಸಡಿಲ ಆಗೋದು. ಆಗ ಗಾಡೀನ ಕೆರೆ ನೀರಿಗಿಳಿಸಿ ನಿಲ್ಲಿಸೋರು. ಮರ ನೀರು ಕುಡಿದು ಊದಿದ್ರೆ ಪಟ್ಟಿ ಮತ್ತೆ ಬಿಗಿ. ಅಚ್ಚಿಗೆ ಕೀಲೆಣ್ಣೆ. ಯಾವ ಕಾಲದಲ್ಲಿ ಚಕ್ರಕ್ಕೆ ಏನು ಮಾಡ್ಬೇಕು ಅನ್ನೋದು ಅವರಿಗೆ ಪಂಚಾಂಗದಷ್ಟೇ ಬಾಯಿಪಾಠ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅತ್ಲಾಗೆ ಬೇರೆ ದೇಶದಲ್ಲಿ ರಬ್ಬರಿನ ಕೆಲಸ ನಡೀತಿತ್ತು. ಹಸಿ ರಬ್ಬರು ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿದ್ರೆ ಹದ ನಿಲ್ಲುತ್ತೆ ಅಂತ ಕಂಡ್ಕೊಂಡ. ಗಾಳಿ ತುಂಬಿದ ಟೈರಿನ ಯೋಚನೆ ಮೊದಲೇ ಒಬ್ಬನಿಗೆ ಬಂದಿತ್ತು, ಆದ್ರೆ ಯಾರೂ ಹಚ್ಕೊಳ್ಳಲಿಲ್ಲ. ಅದು ನಿಂತದ್ದು 1888ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಜಾನ್ ಬಾಯ್ಡ್ ಡನ್ಲಪ್ ಅನ್ನೋ ದನಿನ ಡಾಕ್ಟ್ರು ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ಹಾಸಿನ ಮೇಲೆ ಕುಲುಕ್ತದೆ ಅಂತ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ ಕೊಟ್ಟ. ಜಗತ್ತೆಲ್ಲ ಓಡಾಡೋ ಟೈರು ಹುಟ್ಟಿದ್ದು ಒಂದು ಮಗೂನ ಮೈಕೈ ನೋವಿಂದ. ಆಗಿನ ಟೈರು ಕರೀದೂ ಅಲ್ಲ, ಬಿಳಿಚು ಬಣ್ಣ. ಮಸಿಯಂಥ ಕಾರ್ಬನ್ ಪುಡಿ ಬೆರೆಸಿದ್ರೆ ಜಾಸ್ತಿ ದಿನ ಬಾಳುತ್ತೆ ಅಂತ ಗೊತ್ತಾದ ಮೇಲೆ ಕಪ್ಪಗಾಯ್ತು.

ನಾವೆಲ್ಲ ಅನ್ನೋ 'ಸ್ಟೆಪ್ನಿ' ಇದೆಯಲ್ಲ, ಅದು ಒಂದು ಬೀದಿ ಹೆಸರು. ಬ್ರಿಟನ್ನಿನ ವೇಲ್ಸ್‌ನಲ್ಲಿ ಲಾನೆಲ್ಲಿ ಅಂತ ಊರು, ಅಲ್ಲಿ ಸ್ಟೆಪ್ನಿ ಸ್ಟ್ರೀಟು. ಆಗಿನ ಕಾರಿಗೆ ಬಿಡಿ ಚಕ್ರನೇ ಇರ್ತಿರ್ಲಿಲ್ಲ. 1904ರಲ್ಲಿ ಅಲ್ಲಿಯ ಡೇವಿಸ್ ಅನ್ನೋ ಮನೆತನದೋರು ಬಿಡಿ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರು. ಆ ದೇಶದಲ್ಲಿ ಹೆಸರು ಮರೆತೇಹೋಗಿದೆ. ನಮ್ಮ ಬಿ.ಎಚ್. ರಸ್ತೆಯ ಪಂಚರ್ ಅಂಗಡೀಲಿ ಇನ್ನೂ ಬದುಕಿದೆ.

ನಮ್ಮ ದೇಶದಲ್ಲಿ ಡನ್ಲಪ್ ಕಂಪನಿ ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಕಾರ್ಖಾನೆ ಹಾಕ್ತು. ಎತ್ತಿನ ಗಾಡಿಗೆ ಅಂತಲೇ ಟೈರು ಬಂದವು. ಟೈರಿನ ಗಾಡಿ ಬಂದಾಗ ಹಳಬರು ನಂಬಲಿಲ್ಲ. ಆದ್ರೆ ಅದೇ ಜೋಡೆತ್ತು ಮರದ ಚಕ್ರಕ್ಕಿಂತ ಹೆಚ್ಚು ಹೊರೆ ಎಳೀತಿತ್ತು, ಕಬ್ಬಿಣದ ಪಟ್ಟಿ ಹಂಗೆ ರಸ್ತೆಯನ್ನೂ ಕೊರೀತಿರ್ಲಿಲ್ಲ. ಬೆಂಗಳೂರಿನ ಐಐಎಂನ ಮೊದಲ ಡೈರೆಕ್ಟರು ಎನ್.ಎಸ್. ರಾಮಸ್ವಾಮಿ ಅವರು ಅಷ್ಟು ದೊಡ್ಡ ಕುರ್ಚೀಲಿ ಕೂತು ಎತ್ತಿನ ಗಾಡಿ ಸುಧಾರಿಸ್ಬೇಕು, ಎತ್ತಿನ ಹೆಗಲು ಹುಣ್ಣಾಗೋದು ತಪ್ಪಿಸ್ಬೇಕು ಅಂತ ಊರೂರಲ್ಲಿ ಹೇಳಿದ್ರು. ಟೈರಿನ ಗಾಡೀಲಿ ಒಂದು ಕಷ್ಟ ಇತ್ತು. ಅದು ಸಲೀಸಾಗಿ ಉರುಳುತ್ತೆ. ಇಳಿಜಾರಲ್ಲಿ ಬ್ರೇಕ್ ಸರಿ ಇಲ್ದಿದ್ರೆ ಹೊರೆಯೆಲ್ಲ ಎತ್ತಿನ ಕತ್ತಿನ ಮೇಲೆ. ಚೆನ್ನಾಗಿ ಓಡೋ ಚಕ್ರಕ್ಕೆ ಚೆನ್ನಾಗಿ ನಿಲ್ಲೋದೂ ಬರಬೇಕು ಅಂತ ಆಗಲೇ ಕಲಿತ್ರು.

ಟೈರು ಹಳೇದಾದ ಮೇಲೆ ನಮ್ಮ ಕೈಗೇ ಬರ್ತಿತ್ತು. ಕುಯ್ದು ಚಪ್ಪಲಿ, ಮಗುಚಿ ದನಿಗೆ ನೀರಿಡೋ ಬಾನಿ, ಹಗ್ಗ ಕಟ್ಟಿ ಮಕ್ಕಳಿಗೆ ಉಯ್ಯಾಲೆ. ತೋಟದ ಬಾವೀಲಿ ಈಜು ಕಲಿಯೋಕೆ ಒಣಗಿದ ಸೋರೆಬುರುಡೆ ಕಟ್ತಿದ್ದ ಕಡೆ ಲಾರಿ ಟ್ಯೂಬು ಬಂತು. ಹಿಂಗಾಗಿ ನಮಗೆ ಟೈರು ಅಂದ್ರೆ ಎಸೆಯೋ ಸಾಮಾನಲ್ಲ ಅನ್ನೋ ಬುದ್ಧಿ ಬಂದ್ಬಿಡ್ತು. ಕಾರಿನ ಮೇಲಿರೋ ಟೈರಿಗೂ ಅದೇ ಬುದ್ಧಿ ಹಚ್ಚಿದ್ರೆ ಅಪಾಯ.

ಮೊದಲು ಊರಿಗೊಂದು ಅಂಬಾಸಿಡರ್, ಒಂದು ಪದ್ಮಿನಿ. 1983ರಲ್ಲಿ ಮಾರುತಿ 800 ಬಂದ ಮೇಲೆ ತೋಟದೋರ ಮನೆ ಮುಂದೆಲ್ಲ ಕಾರು ನಿಂತವು. ಮೈಸೂರಿನಲ್ಲಿ ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಟೈರು ತಯಾರಾಗೋದು, ಅಂಗಡೀಲಿ 'ನಮ್ಮ ಮೈಸೂರಿಂದು' ಅಂತ ಕೇಳಿ ತರೋರು. 1997ರಲ್ಲಿ ಅದು ಜೆಕೆ ಕಂಪನಿಗೆ ಸೇರ್ತು. ಕೊಬ್ಬರಿ ರೇಟು ಚೆನ್ನಾಗಿದ್ದ ವರ್ಷ ಹೊಸ ಟೈರು, ಬಿದ್ದ ವರ್ಷ ಸವೆದ ಟೈರಿಗೇ ಮೇಲೊಂದು ಪದರ ಅಂಟಿಸಿದ ರೀಸೋಲು. ಮದುವೆ, ಬೋರ್‌ವೆಲ್ಲು, ಸ್ಕೂಲ್ ಫೀಜು ಎಲ್ಲಾ ಮುಗಿದ ಮೇಲೆ ಟೈರಿನ ಸರದಿ. ಹಳೇ ಟೈರಿನೊಳಗೆ ದಾರದ ಪದರ ಅಡ್ಡಡ್ಡ ಇರ್ತಿತ್ತು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕು ಪಡೆದ ರೇಡಿಯಲ್ ಟೈರು ನಮ್ಮಲ್ಲಿಗೂ ಬಂತು, ಹೆಚ್ಚು ಬಾಳಿಕೆ, ಒಳ್ಳೆ ಹಿಡಿತ. ಆಮೇಲೆ ಟ್ಯೂಬ್‌ಲೆಸ್ಸು. ಜಾಲಿ ಮುಳ್ಳು ಚುಚ್ಚಿದ್ರೂ ಒಂದೇ ಸಲ ಗಾಳಿ ಹೋಗಲ್ಲ.

ನಮ್ಮ ಅಣ್ಣನ ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದಾಳೆ. 'ಅತ್ತೆ, ನಾವು ವರ್ಷಕ್ಕೆರಡು ಸಲ ಟೈರು ಬದಲಾಯಿಸ್ತೀವಿ' ಅಂದಾಗ ನನಗೆ ಆಶ್ಚರ್ಯ. ಅಲ್ಲಿ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದ ಟೈರು ಕಾನೂನೇ ಆಗಿದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಹಾಕಲೇಬೇಕು. ಇದನ್ನ ಮೊದಲು ಮಾಡಿದ್ದು ಫಿನ್‌ಲ್ಯಾಂಡಿನೋರು, 1934ರಲ್ಲಿ ಲಾರಿಗೆ, 1936ರಲ್ಲಿ ಕಾರಿಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ್ರೆ ಮಾಮೂಲಿ ರಬ್ಬರು ಗಟ್ಟಿಯಾಗಿ ನೆಲ ಬಿಡುತ್ತೆ. ಚಳಿಗಾಲದ್ದು ಮೆತ್ತಗೇ ಇರುತ್ತೆ, ಮೇಲೆ ಹಿಮ ಕಚ್ಚೋಕೆ ಸಣ್ಣ ಸಣ್ಣ ಸೀಳು. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು. ನಮ್ಮ ಮಾಗಿ ಚಳಿ ಕಂಬಳಿ ಕೇಳುತ್ತೆ, ಟೈರು ಕೇಳಲ್ಲ. ಆ ಮೆತ್ತನೆ ರಬ್ಬರು ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಸವೆದುಹೋಗುತ್ತೆ. ಆದ್ರೆ ಕಾಲ ನೋಡಿ ಚಕ್ರ ನೋಡ್ಕೊಳ್ಳೋ ಅವರ ಶಿಸ್ತಿದೆಯಲ್ಲ, ಅದು ಗಾಡೀನ ಕೆರೆಗಿಳಿಸ್ತಿದ್ದ ನಮ್ಮ ತಾತಂದಿರದ್ದೇ.

ನಮಗೆ ಹೆದರಬೇಕಾದ ಕಾಲ ಮಳೆ. ಭರಣಿ ಮಳೆಯ ಮೊದಲ ಹನಿಗೆ ರಸ್ತೆ ಮೇಲಿನ ಧೂಳು, ಎಣ್ಣೆ ಸೇರಿ ಸೋಪಿನ ನೀರು ಹಂಗಾಗುತ್ತೆ. ಹಸ್ತ, ಚಿತ್ತೆ ಮಳೇಲಿ ಕೆರೆ ಕೋಡಿ ಬಿದ್ದು ರಸ್ತೆ ಮೇಲೇ ನೀರು. ಟೈರಿನ ಗಾಡಿ ಗಾಡಿ ಕೊರೆದ ಕಾಲುವೆಗಳಿರೋದು ಆ ನೀರನ್ನ ಆಚೆಗೆ ದೂಡೋಕೆ. ಬಟನ್ ಹೋಗಿದ್ರೆ ನೀರು ಹೋಗೋಕೆ ದಾರಿಯಿಲ್ಲ, ಚಕ್ರ ನೀರಿನ ಮೇಲೆ ತೇಲುತ್ತೆ. ಆಗ ಬ್ರೇಕ್ ಒತ್ತಿದ್ರೂ ಒಂದೇ, ಬಿಟ್ರೂ ಒಂದೇ. ಕೊಬ್ಬರಿ ರೇಟು ಬಿದ್ದಿದ್ದ ಒಂದು ವರ್ಷ ನಮ್ಮ ಭಾವನೋರ ಕಾರು ಹಂಗೇ ಜಾರಿ ತೋಟದ ಬೇಲಿಗೆ ಹೋಗಿ ನಿಂತಿತು. ರಾತ್ರಿ ಹೊತ್ತು, ತುಂಬಿದ ಬಸುರಿ ಸೊಸೆಯನ್ನ ತುಮಕೂರಿಗೆ ಕರ್ಕೊಂಡು ಹೋಗ್ತಿದ್ರು. ಬೇಲಿ ಇದ್ದ ಕಡೆ ಕೆರೆ ಇದ್ದಿದ್ರೆ ಅನ್ನೋದನ್ನ ನಮ್ಮಕ್ಕ ಇವತ್ತಿಗೂ ಬಾಯಿಬಿಟ್ಟು ಆಡಲ್ಲ. ತಾಯಿ ಮಗು ಚೆನ್ನಾಗಿದಾರೆ. ನಮ್ಮೂರುಗಳಲ್ಲಿ ಕಾರು ಶೋಕಿಯಲ್ಲ ಕಣ್ರಮ್ಮ, ಅರ್ಧ ರಾತ್ರಿಗೆ ಅದೇ ಆಂಬುಲೆನ್ಸು.

ದಾರಿ ಮಾತೂ ಇದೆ. ಚಿಕ್ಕನಾಯಕನಹಳ್ಳಿ ಕಡೆ ಅದಿರಿನ ಲಾರಿ ಸಾಲಾಗಿ ಓಡಿದ ವರ್ಷಗಳಲ್ಲಿ ರಸ್ತೆಯೇ ಗುಂಡಿಯಾಗಿತ್ತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆ ಗಣಿಗಳಿಗೂ ತಡೆ ಹಾಕ್ತು. ಗುಂಡೀಲಿ ಬಿದ್ದೆದ್ದ ಟೈರಿನ ಪಕ್ಕ ಬೋರೆ ಹಂಗೆ ಊದ್ಕೊಂಡ್ರೆ ಒಳಗಿನ ದಾರ ಕಿತ್ತಿದೆ ಅಂತ ಅರ್ಥ. ಅದನ್ನ ಬದಲಾಯಿಸ್ದೇ ಬೇರೆ ದಾರಿಯಿಲ್ಲ.

ಈಗ ಆರಿಸೋದು ಹೆಂಗೆ ಅಂತ. ಟೈರಿನ ಪಕ್ಕದಲ್ಲಿ ಬರೆದಿರೋದನ್ನ ಸೀರೆ ಅಂಚಿನ ಲೇಬಲ್ ಓದ್ದಂಗೆ ಓದಿ. 165/80 ಆರ್14 85ಟಿ ಅಂತಿದ್ರೆ, 165 ಮಿಲಿಮೀಟರ್ ಅಗಲ, ಅದರ ನೂರಕ್ಕೆ 80ರಷ್ಟು ಪಕ್ಕದ ಎತ್ತರ, ಆರ್ ಅಂದ್ರೆ ರೇಡಿಯಲ್, 14 ಇಂಚಿನ ಚಕ್ರ. 85 ಅಂದ್ರೆ ಒಂದು ಟೈರು 515 ಕೆಜಿ ಹೊರುತ್ತೆ, ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್ ತನಕ ತಡೆಯುತ್ತೆ. ನಿಮ್ಮ ಕಾರಿಗೆ ಯಾವ ಅಳತೆ ಅಂತ ಡ್ರೈವರ್ ಬಾಗಿಲ ಹತ್ರ ಚೀಟಿ ಅಂಟಿಸಿರ್ತಾರೆ ಇಲ್ಲಾ ಪುಸ್ತಕದಲ್ಲಿರುತ್ತೆ. 'ಇದೂ ಕೂರುತ್ತೆ' ಅಂತ ಬೇರೆ ಅಳತೆ ಕೊಟ್ರೆ ಬೇಡ ಅನ್ನಿ. ಹೊರೆಯ ನಂಬರು ಕಮ್ಮಿ ಇರೋದು ಬೇಡವೇ ಬೇಡ, ನಮ್ಮ ಡಿಕ್ಕೀಲಿ ಕಾಯಿ ಮೂಟೆಯೂ ಹೋಗುತ್ತೆ.

ಡಿಒಟಿ ಅಂತ ಅಕ್ಷರ ಹುಡುಕಿ, ಆ ಸಾಲಿನ ಕೊನೇಲಿ ನಾಲ್ಕು ಅಂಕಿ. 2324 ಅಂದ್ರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಹಿಟ್ಟು ತರುವಾಗ ತಾರೀಖು ನೋಡಲ್ವಾ, ಹಂಗೆ. ಬಟನ್ ಆಳ ನೋಡೋಕೆ ಕಾಲುವೆಯೊಳಗೆ ಅಡ್ಡಡ್ಡ ಸಣ್ಣ ದಿಬ್ಬ ಇರ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್, ಕಾನೂನಿನ ಕೊನೆ ಗೆರೆ ಅದೇ. ರಬ್ಬರು ಸವೆದು ದಿಬ್ಬಕ್ಕೆ ಸಮ ಆಗೋ ತನಕ ಕಾಯಬೇಡಿ, ಮಳೆಗೆ ಅಷ್ಟು ಸಾಲದು.

ಎರಡೇ ಹೊಸ ಟೈರು ತಗೊಳ್ಳೋಕೆ ದುಡ್ಡಿದ್ರೆ ಅವನ್ನ ಹಿಂದಕ್ಕೆ ಹಾಕ್ಸಿ. ಅಂಗಡಿಯೋರು ಮುಂದಕ್ಕೆ ಅಂತಾರೆ. ಮುಂದಿನದು ಜಾರಿದ್ರೆ ಆಕ್ಸಿಲರೇಟರ್ ಬಿಟ್ಟು ಒಂದಿಷ್ಟು ಹದಕ್ಕೆ ತರಬಹುದು. ಹಿಂದಿನದು ಜಾರಿದ್ರೆ ಕಾರೇ ಗಿರಕಿ ಹೊಡೆಯುತ್ತೆ. ಹಾಕಿಸಿದ ದಿನವೇ ಬ್ಯಾಲೆನ್ಸಿಂಗು, ಅಲೈನ್‌ಮೆಂಟು. ಗಾಳಿ ತಿಂಗಳಿಗೊಂದು ಸಲ, ಕಾರು ಓಡಿ ಬಿಸಿಯಾಗೋಕೆ ಮುಂಚೆ. ಸ್ಟೆಪ್ನಿಗೂ ಮರೀದೆ ಹಾಕ್ಸಿ.

ಯುಗಾದಿ ಮುಗಿದು ಭರಣಿ ಮಳೆ ಬರೋ ಮುಂಚೆ ಒಂದು ಬೆಳಗ್ಗೆ, ಬಾಗಿಲಿಗೆ ನೀರು ಹಾಕೋ ಹೊತ್ತಲ್ಲೇ ನಾಲ್ಕೂ ಟೈರಿನ ಮೇಲೆ ಕೈಯಾಡಿಸಿ ನೋಡಿ. ಸವೆದಿದ್ರೆ ಮನೆಯೋರಿಗೆ ಹೇಳಿ, ಈ ಸಲದ ಕೊಬ್ಬರಿ ದುಡ್ಡಲ್ಲಿ ಮೊದಲ ಪಾಲು ಟೈರಿಗೆ ಅಂತ. ಯಾಕೆ ಅಂತ ಕೇಳಿದ್ರೆ ಹೇಳೋಕೆ ಈಗ ನಿಮ್ಮ ಹತ್ರ ಲೆಕ್ಕ ಇದೆ.