ಸಂತ ಫಿಲೋಮಿನಾ ಕೆಥೆಡ್ರಲ್, ಮೈಸೂರು

ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಕೆಥೆಡ್ರಲ್ ಮೈಸೂರು ನಗರದ ಅಶೋಕ ರಸ್ತೆಯಲ್ಲಿರುವ ರೋಮನ್ ಕ್ಯಾಥೊಲಿಕ್ ಪ್ರಧಾನ ದೇವಾಲಯ. ಜನರ ಮಾತಿನಲ್ಲಿ ಇದು ‘ಫಿಲೋಮಿನಾ ಚರ್ಚ್’. ಮೈಸೂರು ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರ ಪೀಠವಿರುವುದರಿಂದ ಇದಕ್ಕೆ ಕೆಥೆಡ್ರಲ್ ಎಂಬ ಸ್ಥಾನವಿದೆ. ಸುಮಾರು 175 ಅಡಿ ಎತ್ತರದ ಇದರ ಅವಳಿ ಗೋಪುರಗಳು ದೂರದಿಂದಲೇ ಕಾಣುತ್ತವೆ.

ಇತಿಹಾಸ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಈ ಸ್ಥಳದಲ್ಲಿ ಒಂದು ಚಿಕ್ಕ ಚರ್ಚ್ ನಿರ್ಮಾಣವಾಗಿತ್ತು. ಅರಮನೆಯ ಅಧಿಕಾರಿಯಾಗಿದ್ದ ಟಿ.ಆರ್.ವಿ. ತಂಬು ಚೆಟ್ಟಿಯವರು 1926ರಲ್ಲಿ ಸಂತ ಫಿಲೋಮಿನಾಳ ಪವಿತ್ರ ಅವಶೇಷವೊಂದನ್ನು ಪೋಪರ ಪ್ರತಿನಿಧಿಯಿಂದ ಪಡೆದು ತಂದರು. ಅದಕ್ಕೆ ತಕ್ಕ ಆಲಯ ಬೇಕೆಂಬ ಕೋರಿಕೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ನೆರವಾದರು. 1933ರ ಅಕ್ಟೋಬರ್ 28ರಂದು ಅವರೇ ಈಗಿನ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಹಿಂದೂ ಅರಸರೊಬ್ಬರು ಕ್ರೈಸ್ತ ಆಲಯಕ್ಕೆ ಆಶ್ರಯ ನೀಡಿದ ನಿದರ್ಶನವಾಗಿ ಇದನ್ನು ಸ್ಮರಿಸಲಾಗುತ್ತದೆ.

ಫಿಲೋಮಿನಾಳದೆಂದು ನಂಬಲಾದ ಅಸ್ಥಿಗಳು 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ದೊರೆತವು. ಆಕೆಯ ಜೀವನಕ್ಕೆ ಸಮಕಾಲೀನ ಲಿಖಿತ ಆಧಾರಗಳಿಲ್ಲ. 1961ರಲ್ಲಿ ವ್ಯಾಟಿಕನ್ ಆಕೆಯ ಹೆಸರನ್ನು ಪೂಜಾ ಪಂಚಾಂಗಗಳಿಂದ ಕೈಬಿಡುವಂತೆ ಸೂಚಿಸಿತು. ಆದರೂ ಭಕ್ತರ ಶ್ರದ್ಧೆ ಕುಂದಿಲ್ಲ. ಆಗಸ್ಟ್ 11ರಂದು ಆಕೆಯ ಹಬ್ಬವನ್ನು ಆಚರಿಸುವ ರೂಢಿಯಿದೆ.

ವಾಸ್ತುಶೈಲಿ

ಗಾಥಿಕ್ ಶೈಲಿಯು 12ನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡಿತು. ಮೈಸೂರಿನ ಆಲಯವು ಇಪ್ಪತ್ತನೆಯ ಶತಮಾನದ್ದಾದ ಕಾರಣ ಇದನ್ನು ‘ನವ-ಗಾಥಿಕ್’ ಎನ್ನುವುದು ಸರಿ. ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಇದರ ವಿನ್ಯಾಸಕ. ಜರ್ಮನಿಯ ಕಲೋನ್ ಕೆಥೆಡ್ರಲ್ ಇದಕ್ಕೆ ಸ್ಫೂರ್ತಿ. ಕಲೋನಿನ ಕೆಲಸ 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿಯಿತು. ಅದರ ಗೋಪುರಗಳ ಎತ್ತರ 157 ಮೀಟರ್.

ತಲವಿನ್ಯಾಸವು ಶಿಲುಬೆಯ ಆಕಾರದಲ್ಲಿದೆ. ಉದ್ದನೆಯ ಭಾಗದಲ್ಲಿ ಭಕ್ತರು ಕೂರುತ್ತಾರೆ. ಅಡ್ಡ ಭಾಗದಾಚೆ ಪೂಜಾವೇದಿಕೆಯಿದೆ. ಮೊನಚಾದ ಕಮಾನುಗಳು ಭಾರವನ್ನು ಕಂಬಗಳಿಗೆ ದಾಟಿಸುವುದರಿಂದ ಗೋಡೆಗಳಲ್ಲಿ ಎತ್ತರದ ಕಿಟಕಿಗಳಿಗೆ ಅವಕಾಶ ದೊರೆಯುತ್ತದೆ. ಬಣ್ಣದ ಗಾಜುಗಳಲ್ಲಿ ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆಗೇರಿಕೆ, ಪುನರುತ್ಥಾನ ಮೊದಲಾದ ಪ್ರಸಂಗಗಳಿವೆ. ವೇದಿಕೆಯ ಕೆಳಗಿನ ನೆಲಮಾಳಿಗೆಯಲ್ಲಿ ಸಂತಳ ಅವಶೇಷ ಮತ್ತು ಮಲಗಿರುವ ಪ್ರತಿಮೆಯಿವೆ.

ಭೇಟಿಯ ಯೋಜನೆ

ಉತ್ತರ ಕನ್ನಡದ ಜೋಯಿಡಾ, ದಾಂಡೇಲಿ ಮತ್ತು ಹಳಿಯಾಳದಿಂದ ಬರುವವರು ಬಸ್ಸಿನಲ್ಲಿ ಧಾರವಾಡ ಅಥವಾ ಹುಬ್ಬಳ್ಳಿಯನ್ನು, ಮುಂಡಗೋಡದವರು ಹುಬ್ಬಳ್ಳಿಯನ್ನು ತಲುಪಿ ಮೈಸೂರಿನ ರೈಲು ಹಿಡಿಯಬಹುದು. ರಾತ್ರಿ ರೈಲನ್ನು ಆರಿಸಿಕೊಂಡರೆ ಹಗಲು ಪೂರ್ತಿ ನೋಡಲು ಸಿಗುತ್ತದೆ. ಮೈಸೂರು ರೈಲು ನಿಲ್ದಾಣದಿಂದಲೂ ಅರಮನೆಯಿಂದಲೂ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ.

ಬಣ್ಣದ ಗಾಜಿನ ಸೊಬಗು ಕಾಣಲು ಬಿಸಿಲಿನ ದಿನ ಉತ್ತಮ; ಮಳೆಗಾಲದ ಮೋಡದಲ್ಲಿ ಒಳಭಾಗ ಮಂಕಾಗಿರುತ್ತದೆ. ಕ್ರಿಸ್‌ಮಸ್ ಮತ್ತು ದಸರಾ ದಿನಗಳಲ್ಲಿ ಜನಸಂದಣಿ ಹೆಚ್ಚು. ಭಾನುವಾರ ಪೂಜೆಗಳು ನಡೆಯುವುದರಿಂದ, ಕಟ್ಟಡವನ್ನಷ್ಟೇ ನೋಡಬಯಸುವವರು ವಾರದ ಇತರ ದಿನಗಳನ್ನು ಆರಿಸಿಕೊಳ್ಳುವುದು ಸೂಕ್ತ. ಪೂಜೆಯ ವೇಳೆ ಬದಲಾಗುತ್ತಿರುವುದರಿಂದ ಮುಂಚಿತವಾಗಿ ವಿಚಾರಿಸಬೇಕು. ಶಾಲಾ ತಂಡಗಳು ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ವಿಂಗಡಿಸಿ ನೆಲಮಾಳಿಗೆಗೆ ಕರೆದೊಯ್ದರೆ ಇಕ್ಕಟ್ಟಾಗದು.

ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಮೌನ ಮತ್ತು ಸಭ್ಯ ಉಡುಪು ಅಪೇಕ್ಷಿತ. ಇದು ವಸ್ತುಸಂಗ್ರಹಾಲಯವಲ್ಲ, ಪ್ರವಾಸಿಗರು ಬರುವ ಹೊತ್ತಿನಲ್ಲೇ ಯಾರೋ ಒಬ್ಬರು ದುಃಖವನ್ನೋ ಹರಕೆಯನ್ನೋ ಹೊತ್ತು ಮೊಣಕಾಲೂರಿರುತ್ತಾರೆ. ಅವರ ಪ್ರಾರ್ಥನೆಗೆ ಅಡ್ಡಿಯಾಗದಂತೆ ನೋಡುವುದು ಪ್ರತಿಯೊಬ್ಬ ಸಂದರ್ಶಕನ ಹೊಣೆ.