ಆರ್ನೆಮ್‌ನಲ್ಲಿ ಮೂಕವಾದ ವೈರ್‌ಲೆಸ್

1944ರ ಸೆಪ್ಟೆಂಬರ್ 18. ಹಾಲೆಂಡಿನ ಆರ್ನೆಮ್ ಪಟ್ಟಣದ ಪಶ್ಚಿಮಕ್ಕೆ ಹಿಂದಿನ ದಿನವಷ್ಟೇ ಇಳಿದಿದ್ದ ಬ್ರಿಟನ್ನಿನ ಒಂದನೇ ಏರ್‌ಬೋರ್ನ್ ಡಿವಿಷನ್ನಿಗೆ ತನ್ನದೇ ಮುಂಚೂಣಿ ಬ್ರಿಗೇಡಿನ ದನಿ ಕೇಳಿಸುತ್ತಿರಲಿಲ್ಲ. ಬ್ರಿಗೇಡಿಗೆ ಗೊತ್ತುಮಾಡಿದ್ದ ಫ್ರೀಕ್ವೆನ್ಸಿಯ ಮೇಲೆ ಬೇರೊಂದು ಪ್ರಬಲ ಕೇಂದ್ರ ಮಾತಾಡುತ್ತಿತ್ತು. ಫ್ರೀಕ್ವೆನ್ಸಿ ಬದಲಿಸಬೇಕು, ಬದಲಿಸಿದ್ದು ಆ ತುದಿಯವರಿಗೂ ಗೊತ್ತಾಗಬೇಕು. ಆದರೆ ಅದನ್ನು ತಿಳಿಸಬೇಕಾದ ವೈರ್‌ಲೆಸ್ಸೇ ಕೈಕೊಟ್ಟಿದೆ. ಕೊನೆಗೆ ಡಿವಿಷನ್ ಸಿಗ್ನಲ್ಸ್‌ನ ಉಪನಾಯಕ ಮೇಜರ್ ಆಂಟನಿ ಡೀನ್-ಡ್ರಮಂಡ್ ತಾವೇ ಹೊರಟರು. ಜರ್ಮನ್ನರು ಮೂಲೆಮೂಲೆಯಲ್ಲಿ ಕಾದು ಕೂತಿದ್ದ ಊರಿನೊಳಕ್ಕೆ, ಒಂದು ಹೊಸ ಫ್ರೀಕ್ವೆನ್ಸಿಯನ್ನು ಮುಟ್ಟಿಸಲು.

ಹೀಗಾಗಬಹುದೆಂಬ ಅಳುಕು ಅವರಿಗೆ ಮೊದಲೇ ಇತ್ತು. ಡಿವಿಷನ್ನಿನ ಮುಖ್ಯ ಆಸರೆಯಾಗಿದ್ದ 22ನೇ ನಮೂನೆಯ ಸೆಟ್ ಸುಮಾರು 8 ಕಿಲೋಮೀಟರ್ ದೂರಕ್ಕೆ, ಬೆಟಾಲಿಯನ್ನುಗಳ ಕೈಯಲ್ಲಿದ್ದ 68ನೇ ನಮೂನೆಯದು ಸುಮಾರು 5 ಕಿಲೋಮೀಟರ್ ದೂರಕ್ಕೆ ಎಂದು ಲೆಕ್ಕ. ಅದೂ ಬಯಲಿನಲ್ಲಿ. ದಟ್ಟ ಮರಗಳು, ಇಟ್ಟಿಗೆ ಮನೆಗಳ ನಡುವೆ ಆ ಅಳತೆ ತೀರಾ ಕುಗ್ಗುತ್ತದೆ. ವಿಮಾನಗಳು ಇಳಿಸಿದ ಬಯಲಿಗೂ ಹಿಡಿಯಬೇಕಿದ್ದ ರೈನ್ ಸೇತುವೆಗೂ ಇದ್ದ ಅಂತರ ಹತ್ತು ಕಿಲೋಮೀಟರಿಗೂ ಹೆಚ್ಚು. ಡೀನ್-ಡ್ರಮಂಡ್ ಮೇಲಧಿಕಾರಿಯ ಮುಂದೆ ಸಂಶಯ ತೋಡಿಕೊಂಡಿದ್ದರು. ಆದರೆ ಒಂದು ವಾರದಲ್ಲಿ ಕಟ್ಟಿದ ಯೋಜನೆ ಅದು. ಎರಡು ದಿನದಲ್ಲಿ ದಕ್ಷಿಣದಿಂದ ಟ್ಯಾಂಕುಗಳು ಬಂದು ಸೇರುತ್ತವೆ, ಅಷ್ಟರ ಮಟ್ಟಿಗೆ ಹೇಗೋ ನಿಭಾಯಿಸಬಹುದು ಎಂಬ ನಂಬಿಕೆಯಲ್ಲಿ ಸೈನ್ಯ ಹಾರಿತು.

ಟ್ಯಾಂಕುಗಳು ಬರಲಿಲ್ಲ.

ಸಂಪರ್ಕ ಕಡಿದುಹೋದದ್ದಕ್ಕೆ ತೆತ್ತ ಬೆಲೆ ಮೊದಲ ದಿನದಿಂದಲೇ ಕಾಣತೊಡಗಿತು. ಡಿವಿಷನ್ನಿನ ದಂಡನಾಯಕ ಜನರಲ್ ರಾಯ್ ಅರ್ಕರ್ಟ್ ವೈರ್‌ಲೆಸ್ಸಿನಲ್ಲಿ ಯಾರೂ ಸಿಗದೆ ತಾವೇ ಜೀಪು ಹತ್ತಿ ಮುಂದೆ ಹೋದರು, ಬೀದಿ ಕಾಳಗದಲ್ಲಿ ಸಿಕ್ಕಿಹಾಕಿಕೊಂಡು ಒಂದು ಮನೆಯ ಅಟ್ಟದಲ್ಲಿ ಅಡಗಬೇಕಾಯಿತು. 19ರ ಬೆಳಿಗ್ಗೆ ಅವರು ಮರಳುವವರೆಗೆ ಡಿವಿಷನ್ನಿಗೆ ತನ್ನ ಜನರಲ್ ಬದುಕಿದ್ದಾರೋ ಇಲ್ಲವೋ ತಿಳಿದಿರಲಿಲ್ಲ. ಅದೇ 19ರಂದು ಸಾಮಗ್ರಿ ಹೊತ್ತ ವಿಮಾನಗಳು ಬಂದವು. ಅವು ಸರಂಜಾಮು ಎಸೆಯಬೇಕಿದ್ದ ಜಾಗ ಇನ್ನೂ ಜರ್ಮನ್ನರ ಕೈಯಲ್ಲಿತ್ತು. ಬೇರೆ ಕಡೆ ಎಸೆಯಿರಿ ಎಂದು ಕಳಿಸಿದ ಸಂದೇಶ ಇಂಗ್ಲೆಂಡಿಗೆ ತಲುಪಿರಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ಡೇವಿಡ್ ಲಾರ್ಡ್ ರೆಕ್ಕೆಗೆ ಬೆಂಕಿ ಹತ್ತಿದ ಡಕೋಟಾ ವಿಮಾನವನ್ನು ಎರಡನೆಯ ಬಾರಿ ಸುತ್ತಿ ತಂದು ಉಳಿದ ಪೆಟ್ಟಿಗೆಗಳನ್ನೂ ಹಾಕಿಸಿ ಪ್ರಾಣಬಿಟ್ಟರು. ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಆ ದಿನ ಬಿದ್ದ ಸಾಮಗ್ರಿಯ ಬಹುಪಾಲು ಶತ್ರುವಿನ ಪಾಲಾಯಿತು. ಕೆಳಗೆ ಬ್ರಿಟಿಷ್ ಯೋಧರು ಕೈಬೀಸಿ ಕೂಗುತ್ತಿದ್ದರು. ಅತ್ತ ‘ವಿಲಿಯಂ ಆಫ್ ಆರೆಂಜ್’ ಎಂಬ ಪಾರಿವಾಳ ಆರ್ನೆಮ್‌ನಿಂದ ಸಂದೇಶ ಹೊತ್ತು ನಾಲ್ಕೂವರೆ ಗಂಟೆಯೊಳಗೆ ಇಂಗ್ಲೆಂಡ್ ಮುಟ್ಟಿತು, ಅದಕ್ಕೂ ಮುಂದೆ ಪದಕ ಸಿಕ್ಕಿತು.

ತಪ್ಪೆಲ್ಲ ಸೆಟ್ಟುಗಳದು ಎಂದುಬಿಡುವುದು ಸುಲಭ. ಆದರೆ ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಫಿರಂಗಿ ದಳದವರ ವೈರ್‌ಲೆಸ್ ಕೆಲಸ ಮಾಡಿದೆ. ಸೇತುವೆಯ ಬಳಿಯಿದ್ದವರು ಅದರ ಮೂಲಕವೇ ಗುಂಡಿನ ನೆರವು ಕೇಳಿ ಪಡೆದಿದ್ದಾರೆ. ಇಷ್ಟು ದೂರಕ್ಕೆ ಇಂಥ ಸೆಟ್ಟು ಸಾಲದೆಂದು ಬಲ್ಲವರು ಹೇಳಿದ ಮೇಲೂ ಇಳಿಯುವ ಬಯಲನ್ನು ಅಷ್ಟು ದೂರ ಇಟ್ಟವರ ಹೊಣೆಯೇ ಇಲ್ಲಿ ದೊಡ್ಡದು.

ಡೀನ್-ಡ್ರಮಂಡ್‌ಗೆ ಇಂಥ ಅನುಭವ ಹೊಸದಲ್ಲ. 1917ರಲ್ಲಿ ಹುಟ್ಟಿ, 1937ರಲ್ಲಿ ರಾಯಲ್ ಸಿಗ್ನಲ್ಸ್ ಸೇರಿದ ಅವರು 1941ರ ಫೆಬ್ರವರಿ 10ರ ರಾತ್ರಿ ದಕ್ಷಿಣ ಇಟಲಿಯ ಟ್ರಾಜಿನೊ ಮೇಲ್ಗಾಲುವೆಯನ್ನು ಸ್ಫೋಟಿಸಲು ಹೋದ ಬ್ರಿಟನ್ನಿನ ಮೊದಲ ಪ್ಯಾರಾಶೂಟ್ ದಾಳಿಯಲ್ಲಿದ್ದರು. ಕೆಲಸ ಮುಗಿಸಿ ಸೆಲೆ ನದಿಯ ಮುಖಕ್ಕೆ ನಡೆದುಹೋದರೆ ಸಬ್‌ಮರೀನ್ ಬಂದು ಕರೆದೊಯ್ಯಬೇಕಿತ್ತು. ಎಂಜಿನ್ ಕೆಟ್ಟ ಇನ್ನೊಂದು ವಿಮಾನದ ಪೈಲಟ್, ಇದೊಂದೂ ತಿಳಿಯದೆ, ಅದೇ ನದಿಮುಖದಲ್ಲಿ ಇಳಿಯುತ್ತೇನೆಂದು ವೈರ್‌ಲೆಸ್ಸಿನಲ್ಲಿ ಹೇಳಿಬಿಟ್ಟ. ಇಟಲಿಯವರು ಕೇಳಿಸಿಕೊಂಡಿರಬಹುದೆಂದು ಸಬ್‌ಮರೀನ್ ಕಳಿಸುವುದನ್ನೇ ಕೈಬಿಟ್ಟರು. ಬೆಟ್ಟಗಳಲ್ಲಿ ನಡೆಯುತ್ತಿದ್ದವರಿಗೆ ಆ ಸುದ್ದಿ ಮುಟ್ಟಿಸಲು ದಾರಿಯೇ ಇರಲಿಲ್ಲ. ಕಡಲು ಕಾಣುವ ಮೊದಲೇ ಅವರೆಲ್ಲ ಸೆರೆಯಾದರು. ಡೀನ್-ಡ್ರಮಂಡ್ ಒಮ್ಮೆ ತಪ್ಪಿಸಿಕೊಂಡು ಸ್ವಿಸ್ ಗಡಿಯಲ್ಲಿ ಸಿಕ್ಕಿಬಿದ್ದರು. 1942ರಲ್ಲಿ ಫ್ಲಾರೆನ್ಸಿನ ಆಸ್ಪತ್ರೆಯಿಂದ ಮತ್ತೆ ಪಾರಾಗಿ ಸ್ವಿಟ್ಜರ್ಲೆಂಡ್ ಸೇರಿದರು, ಅಲ್ಲಿಂದ ತಾಯ್ನಾಡಿಗೆ ಬಂದರು.

ಆರ್ನೆಮ್‌ನಲ್ಲಿ ಫ್ರೀಕ್ವೆನ್ಸಿ ಹೊತ್ತು ಹೋದವರಿಗೆ ಹಿಂದಕ್ಕೆ ಬರಲಾಗಲಿಲ್ಲ. ಅಧಿಕಾರಿಗಳನ್ನು ಕಳೆದುಕೊಂಡಿದ್ದ ಒಂದಷ್ಟು ಯೋಧರ ಮುಂದಾಳುತನ ವಹಿಸಿ ಕಾದಿದರು. ಕಡೆಗೆ ನದಿದಂಡೆಯ ಒಂದು ಮನೆಯ ಶೌಚಾಲಯದಲ್ಲಿ ಮೂವರೊಂದಿಗೆ ಬಾಗಿಲು ಹಾಕಿಕೊಂಡು ಕೂತರು. ಅದೇ ಮನೆಯಲ್ಲಿ ಜರ್ಮನ್ನರು ಓಡಾಡುತ್ತಿದ್ದರು. ಮೂರು ದಿನಗಳ ನಂತರ ರಾತ್ರಿ ಹೊರಬಿದ್ದು ರೈನ್ ನದಿ ಈಜಿದರು. ಆಚೆ ದಡದಲ್ಲಿ ಕತ್ತಲಲ್ಲಿ ಕಾಲಿಟ್ಟದ್ದು ಜರ್ಮನ್ ಕಂದಕಕ್ಕೆ.

ಸೆರೆಯಾಳುಗಳನ್ನು ಕೂಡಿಹಾಕಿದ್ದ ದೊಡ್ಡ ಮನೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಗೋಡೆ ಕಪಾಟು. ಅಗಲ ನಾಲ್ಕಡಿ, ಎತ್ತರ ಏಳಡಿ, ಆಳ ಒಂದೇ ಅಡಿ. ಬಾಗಿಲು ಗೋಡೆಗೆ ಸಮವಾಗಿ ಕೂರುತ್ತಿತ್ತು. ಬೀಗದ ತಿರುಪು ಬಿಚ್ಚಿ ಅದನ್ನು ತಿರುಗಿಸಿ ಕೂರಿಸಿದರು, ಒಳಗಿನಿಂದ ಬೀಗ ಹಾಕಿಕೊಳ್ಳುವ ಹಾಗೆ. ಸ್ವಲ್ಪ ಬ್ರೆಡ್ಡು, ಒಂದಿಷ್ಟು ಕೊಬ್ಬು, ನೀರಿನ ಬಾಟಲಿ ಹಿಡಿದು ಒಳಗೆ ನಿಂತರು. ಒಂದೆರಡು ದಿನದಲ್ಲಿ ಜರ್ಮನ್ನರು ಹೊರಟುಹೋಗುತ್ತಾರೆಂದು ಅವರ ಎಣಿಕೆ. ಆದರೆ ಅದೇ ಕೋಣೆಯನ್ನು ಸೆರೆಯಾಳುಗಳ ವಿಚಾರಣೆಗೆ ಬಳಸತೊಡಗಿದರು. ಕೂರಲು ಜಾಗವಿಲ್ಲ, ಕೆಮ್ಮುವಂತಿಲ್ಲ, ಕಾಲು ಬದಲಿಸಿದರೂ ಸದ್ದಾದೀತು. ಹೊರಗೆ ನಡೆಯುತ್ತಿದ್ದ ಪ್ರಶ್ನೋತ್ತರವೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಹದಿಮೂರು ದಿನ ಹೀಗೆ ನಿಂತರು. ಅಕ್ಟೋಬರ್ 5ರ ರಾತ್ರಿ ಕೋಣೆ ಖಾಲಿಯಾದಾಗ ಕಿಟಕಿಯಿಂದ ತೋಟಕ್ಕಿಳಿದು ಮಾಯವಾದರು. ಡಚ್ ಕುಟುಂಬವೊಂದು ಪ್ರಾಣದ ಹಂಗು ತೊರೆದು ಅವರನ್ನು ಬಚ್ಚಿಟ್ಟಿತು.

ಇಷ್ಟೆಲ್ಲ ನಡೆಯುವಾಗ ಆ ಸೀಮೆಯಲ್ಲಿ ಟೆಲಿಫೋನ್ ತಂತಿಗಳು ಜೀವಂತವಾಗಿದ್ದವು. ಡಚ್ ಪ್ರತಿರೋಧ ಪಡೆಯವರು ಅವುಗಳಲ್ಲಿ ಮಾತಾಡುತ್ತಲೇ ಇದ್ದರು. ಬ್ರಿಟಿಷರು ಕಾಳಗದಲ್ಲಿ ಅವುಗಳನ್ನು ಹೆಚ್ಚಾಗಿ ಬಳಸಿಕೊಳ್ಳಲಿಲ್ಲ. ಅವರ ಅಪನಂಬಿಕೆಗೆ ಹಿನ್ನೆಲೆಯಿತ್ತು. ಕೆಲವೇ ತಿಂಗಳ ಹಿಂದಿನವರೆಗೂ ಜರ್ಮನ್ನರು ಹಾಲೆಂಡಿನಲ್ಲಿ ಸೆರೆಹಿಡಿದ ಬ್ರಿಟಿಷ್ ಗೂಢಚಾರರ ವೈರ್‌ಲೆಸ್ಸುಗಳಿಂದಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿ, ಇನ್ನಷ್ಟು ಗೂಢಚಾರರನ್ನು ಬಲೆಗೆ ಬೀಳಿಸಿದ್ದರು. ಸುಮಾರು ಐವತ್ತು ಮಂದಿ ಹೀಗೆ ಪ್ರಾಣ ಕಳೆದುಕೊಂಡಿದ್ದರು. ಅಪನಂಬಿಕೆ ಅರ್ಥವಾಗುತ್ತದೆ, ಅದರಿಂದಾದ ನಷ್ಟ ಅದಕ್ಕೆ ಕಡಿಮೆಯಾಗುವುದಿಲ್ಲ. ಆರ್ನೆಮ್‌ಗೆ ಹೋದ ಸುಮಾರು 10,000 ಮಂದಿಯಲ್ಲಿ ಸೆಪ್ಟೆಂಬರ್ 25ರ ರಾತ್ರಿ ನದಿ ದಾಟಿ ಮರಳಿದವರು ಹೆಚ್ಚುಕಡಿಮೆ 2,400 ಮಂದಿ.

ಅದೇ ತಂತಿ ಮುಂದೆ ಜೀವ ಉಳಿಸಿತು. ಶತ್ರುವಿನ ಹಿಂದೆ ಉಳಿದುಹೋಗಿದ್ದವರನ್ನು ಕರೆತರುವ ಏರ್ಪಾಟು ನಡೆದದ್ದು ವಿದ್ಯುತ್ ಕಂಪನಿಯ ಖಾಸಗಿ ಟೆಲಿಫೋನ್ ಲೈನಿನಲ್ಲಿ. ಈ ತುದಿಗೆ ಎಡೆ ಊರಿನ ಡಚ್ಚರು ಮತ್ತು ಅಡಗಿದ್ದ ಅಧಿಕಾರಿಗಳು, ಆ ತುದಿಗೆ ಬಿಡುಗಡೆಗೊಂಡಿದ್ದ ನೈಮೇಗನ್. ಅಕ್ಟೋಬರ್ 22ರ ರಾತ್ರಿ ನೂರಮೂವತ್ತಕ್ಕೂ ಹೆಚ್ಚು ಮಂದಿ ಕಾಡು ಹಾದು ನದಿದಂಡೆಗೆ ಬಂದರು, ಆಚೆ ದಡದ ಸೈನಿಕರು ದೋಣಿಗಳೊಂದಿಗೆ ಬಂದು ಅವರನ್ನು ದಾಟಿಸಿದರು. ಡೀನ್-ಡ್ರಮಂಡ್ ಅವರ ನಡುವೆ ಇದ್ದರು. ಯುದ್ಧದ ನಂತರ ಅವರು ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ನ 22ನೇ ರೆಜಿಮೆಂಟಿನ ನಾಯಕರಾದರು. ‘ರಿಟರ್ನ್ ಟಿಕೆಟ್’ ಎಂಬ ಪುಸ್ತಕದಲ್ಲಿ ಈ ಪರಾರಿಗಳ ಕಥೆ ಬರೆದರು. 2012ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.